ಭಾನುವಾರದ ಕೋಳಿ, ಸೋಮವಾರದ ಅಡಿಕೆ

ನನಗೆ ಆಗ ಐವತ್ತಾರು ವರ್ಷ. ಇದು ಹನ್ನೊಂದು ವರ್ಷದ ಹಿಂದಿನ ಮಾತು. ಜಗಳೂರಿನಿಂದ ಬಸವಾಪಟ್ಟಣಕ್ಕೆ ಬಂದ ದಿನ, ಊರು ಹತ್ತಿರ ಬಂದಾಗ ನಮ್ಮ ಬಸ್ಸು ರಸ್ತೆ ಬಿಟ್ಟು ಮಣ್ಣಿಗೆ ಇಳಿಯಿತು. ಎದುರಿಗೆ ಲಾರಿ ಇರಲಿಲ್ಲ, ದನ ಇರಲಿಲ್ಲ. ಅರ್ಧ ರಸ್ತೆಗೆ ಯಾರೋ ಅಡಿಕೆ ಒಣಹಾಕಿದ್ದರು. ಡ್ರೈವರ್ ಅದಕ್ಕೆ ಮರ್ಯಾದೆ ಕೊಟ್ಟ. ಜಗಳೂರಿನ ನೀವು ನಂಬುವುದಿಲ್ಲ. ನಾವು ಹುರುಳಿಯನ್ನು ರಸ್ತೆಗೆ ಹರಡುವುದೇ ಬಸ್ಸು ಅದರ ಮೇಲೆ ಹಾಯ್ದು ಕಾಳು ಬಿಡಿಸಲಿ ಎಂದು. ಎರಡೂ ಇರುವುದು ಒಂದೇ ಜಿಲ್ಲೆಯಲ್ಲಿ, ಆದರೂ ಇಲ್ಲಿ ಬೆಳೆಗೆ ಬಸ್ಸೇ ದಾರಿ ಬಿಡುತ್ತದೆ.

ಬಂದದ್ದು ಮಗಳು ಗ್ರೇಸಿಯ ಬಾಣಂತನಕ್ಕೆ. ಮೂರು ತಿಂಗಳಿದ್ದು ಹೊರಡಬೇಕೆಂದಿದ್ದೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಜಗಳೂರಿನ ಬಾಡಿಗೆ ಮನೆಯಲ್ಲಿ ನನಗಾಗಿ ಕಾಯುವವರು ಯಾರೂ ಇರಲಿಲ್ಲ. "ಇಲ್ಲೇ ಇದ್ದುಬಿಡವ್ವಾ" ಎಂದಳು ಮಗಳು. ಅಳಿಯನೂ ಒಳ್ಳೆಯವನೇ. ಆದರೆ ಅಳಿಯನ ಮನೆಯ ಅನ್ನವನ್ನು ಕೂತು ತಿಂದರೆ ಆರನೇ ತಿಂಗಳಿಗೆ ತಟ್ಟೆಯ ಸದ್ದು ಜೋರಾಗುತ್ತದೆ. ಇರುವುದಾದರೆ ದುಡಿದು ಇರಬೇಕು, ಇಲ್ಲವಾದರೆ ಜಗಳೂರಿನ ಬಸ್ಸು ಹತ್ತಬೇಕು ಎಂದು ತೀರ್ಮಾನಿಸಿದೆ.

ಅಲ್ಲಿ ನೀರಿನ ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುತ್ತಿದ್ದೆವು. ಇಲ್ಲಿ ಕಾಲುವೆ ತುಂಬ ನೀರು ಹರಿದರೂ ಯಾರೂ ಓಡುವುದಿಲ್ಲ. ಮೊದಲ ವಾರ ನಾನು ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿಟ್ಟೆ, ಲೋಟಗಳನ್ನೂ ಬಿಡಲಿಲ್ಲ. ಊಟಕ್ಕೆ ಮೂರು ಹೊತ್ತೂ ಅನ್ನ, ಉಂಡೆದ್ದು ಅಂಗಳ ದಾಟುವುದರೊಳಗೆ ಮತ್ತೆ ಹಸಿವು. ಸಂಜೆ ಮಾತಿಗೆ ಜನ ಸಿಗದೆ ಕೂಸಿಗೇ ಜಗಳೂರಿನ ಸುದ್ದಿಯೆಲ್ಲ ಹೇಳುತ್ತಿದ್ದೆ. ಅದು ನಿದ್ದೆ ಹೋಗುತ್ತಿತ್ತು.

ಕೊನೆಗೆ ಅಡಿಕೆ ಸುಲಿಯುವ ಕೆಲಸ ಸಿಕ್ಕಿತು. ತೋಟಗಳ ಫಸಲು ಗುತ್ತಿಗೆ ಹಿಡಿದು, ಹಸಿ ಅಡಿಕೆ ಸುಲಿಸಿ, ಬೇಯಿಸಿ ಮಾರುವವಳು ಗೌರಕ್ಕ. ನನಗಿಂತ ಹತ್ತು ವರ್ಷ ಚಿಕ್ಕವಳು. ಹಣೆಗೆ ವಿಭೂತಿ, ಕೊರಳಿಗೆ ಲಿಂಗ, ಬಾಯಿಗೆ ಬಿಡುವಿಲ್ಲ. ಅವಳ ಕಣದಲ್ಲಿ ಆರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದೆವು. ಮಣೆಗೆ ಜಡಿದ ಕತ್ತಿ ಅದು. ಮೊದಲ ದಿನ ಅಡಿಕೆಗಿಂತ ಬೆರಳನ್ನೇ ಹೆಚ್ಚು ಸುಲಿದುಕೊಂಡೆ. ತಿಂಗಳೊಳಗೆ ಕೈ ಕಪ್ಪಾಯಿತು, ಕೆಲಸ ಬಂತು.

ಮೊದಲ ಶನಿವಾರವೇ "ನಾಳೆ ಬರಲ್ಲ ಗೌರಕ್ಕ" ಎಂದಿದ್ದೆ.

"ಯಾಕ್ರೀ? ನಿಮ್ಮನೇಲಿ ಭಾನುವಾರ ವಾರ ಮಾಡ್ತೀರೇನು?"

ಮನೆದೇವರಿಗೆಂದು ಒಂದು ದಿನ ಹಿಡಿದು, ಮಿಂದು, ಬಾಡು ಮುಟ್ಟದೆ ಇರುವುದಕ್ಕೆ ವಾರ ಮಾಡುವುದು ಎನ್ನುತ್ತಾರೆ. ಅಲ್ಲಕ್ಕ, ಅದು ನಮ್ಮ ಪ್ರಾರ್ಥನೆಯ ದಿನ ಎನ್ನಬೇಕಿತ್ತು. ಕ್ರಿಶ್ಚಿಯನ್ ಎಂದರೆ ಕೆಲಸ ಹೋದೀತೆಂದು ಹೆದರಿ, "ಹೂಂ, ಮಾಡ್ತೀವಿ" ಎಂದೆ.

"ಇಂಥ ನೇಮದವರು ಈಗೆಲ್ಲಿ ಅದಾರೆ" ಎಂದು ಗೌರಕ್ಕ ಒಂದು ತೆಂಗಿನಕಾಯಿ ಕೈಗಿಟ್ಟಳು. "ನಿಮ್ಮ ದೇವರಿಗೆ ಒಡೀರಿ."

ಆಮೇಲೆ ಪ್ರತಿ ಶನಿವಾರ ಒಂದು ಕಾಯಿ. ನಾನು ಒಡೆಯುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ. ಒಡೆದು, ತುರಿದು ಕೋಳಿಸಾರಿಗೆ ಹಾಕುತ್ತಿದ್ದೆವು. ನಮಗೆ ಭಾನುವಾರವೇ ಬಾಡೂಟ. ಇದರ ಮೇಲೆ, ಸೋಮವಾರ ಶಿವನ ದಿನವೆಂದು ಗೌರಕ್ಕ ಕಣವನ್ನೇ ಮುಚ್ಚುತ್ತಿದ್ದಳು. ಹೀಗೆ ಯೇಸುವಿನ ದಿನವೂ ರಜೆ, ಶಿವನ ದಿನವೂ ರಜೆ.

ಜೊತೆಯವರಿಗೆ ಕಣ್ಣಿಲ್ಲವೇ. "ಶಾಂತಮ್ಮಂಗೆ ಎರಡು ದಿನ, ನಮಗ್ಯಾಕೆ ಒಂದೇ?" ಎಂದು ಹನುಮಕ್ಕ ಶನಿವಾರ ಹನುಮಪ್ಪನ ವಾರ ಹಿಡಿದಳು. ಅವಳನ್ನು ನೋಡಿ ಒಬ್ಬಳು ಮಂಗಳವಾರ, ಇನ್ನೊಬ್ಬಳು ಶುಕ್ರವಾರ. ಎಲ್ಲ ದೇವರಿಗೂ ದಿನ ಸಿಕ್ಕಿತು, ಅಡಿಕೆಗೆ ಸಿಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಹೊನ್ನಾಳಿ, ನ್ಯಾಮತಿ ಎಂದು ಊರೂರು ಸುತ್ತುವ ನಮ್ಮ ಪಾಸ್ಟರಯ್ಯ ಪ್ರಾರ್ಥನೆ ಮುಗಿಸಿ ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಅವರ ಕೈಯಲ್ಲಿ ಕೋಳಿಕಾಲು. ಬಾಗಿಲಲ್ಲಿ ಗೌರಕ್ಕ.

"ಶಾಂತಮ್ಮಾ, ಒಂದು ಟ್ರ್ಯಾಕ್ಟರ್ ಅಡಿಕೆ ಹಂಗೇ ಬಿದ್ದೈತೆ. ನಾಳೆ ದಾಟಿದ್ರೆ ಬಾಡ್ತೈತೆ, ಸುಲಿಯಾಕೂ ಬರಲ್ಲ, ಬೇಯಿಸಾಕೂ ಬರಲ್ಲ. ಪೂಜೆ ಮುಗಿದಿದ್ರೆ ಬರ್ರಿ" ಎನ್ನುತ್ತ ಒಳಗೆ ಕಾಲಿಟ್ಟಳು. ಮೊದಲು ಮೂಗಿಗೆ ಗೊತ್ತಾಯಿತು, ಆಮೇಲೆ ಕಣ್ಣಿಗೆ.

"ವಾರದ ದಿನ ಕೋಳಿನಾ?"

ಬೈಬಲಿನಲ್ಲಿ, ಹೆದರಿ ಯೇಸುವನ್ನು ಅರಿಯೆನೆಂದು ಸುಳ್ಳು ಹೇಳಿದ ಶಿಷ್ಯನಿಗೆ ಕೋಳಿ ಕೂಗಿ ಬುದ್ಧಿ ಹೇಳಿತಂತೆ. ನಮ್ಮದು ಕೂಗುವ ಸ್ಥಿತಿಯಲ್ಲಿರಲಿಲ್ಲ.

"ಮತ್ತೆ ನನ್ನ ಕಾಯಿ?"

"ಸಾರಿನಾಗೈತೆ" ಎಂದೆ. ಸುಳ್ಳು ಹೇಳಿ ಸಾಕಾಗಿತ್ತು. "ನಾವು ಕ್ರಿಶ್ಚಿಯನ್ನರು ಗೌರಕ್ಕ. ಇದು ಪ್ರಾರ್ಥನೆ ದಿನ. ಕೆಲಸ ಹೋಗ್ತೈತೆ ಅಂತ ಹೇಳಲಿಲ್ಲ."

"ನೀನು ಯಾರಾದ್ರೆ ನನಗೇನು? ನಿನ್ನ ಸುಳ್ಳು ವಾರ ನೋಡಿ ಎಲ್ಲರೂ ವಾರ ಹಿಡಿದ್ರು, ನನ್ನ ಕಣ ಖಾಲಿ ಆತು." ಅಷ್ಟು ದಿನ ಬರ್ರಿ, ಹೋಗ್ರಿ ಎನ್ನುತ್ತಿದ್ದವಳು ನೀನು ಎನ್ನುವುದಕ್ಕೆ ಇಳಿದಳು. "ಕೋಳಿ ತಿನ್ನಾಕೆ ಬಿಡೋ ದೇವರು ಅಡಿಕೆ ಸುಲಿಯಾಕೆ ಬಿಡಲ್ವಾ? ಈಗ ಬರ್ತೀಯೋ, ನಿನ್ನ ಜಾಗಕ್ಕೆ ಬೇರೆಯವರನ್ನ ಕೂರಿಸಲೋ?"

ನನ್ನ ಪರವಾಗಿ ಎರಡು ಮಾತಾಡಲಿ ಎಂದು ಪಾಸ್ಟರಯ್ಯನ ಕಡೆ ನೋಡಿದೆ. ಅವರು ಕೋಳಿಕಾಲು ಕೆಳಗಿಟ್ಟರು.

"ಏಳನೇ ದಿನ ಬಿಡುವು ತಗೋ ಅಂತ ದೇವರು ಹೇಳ್ಯಾನೆ, ಸರಿ. ಆರು ದಿನ ದುಡಿ ಅಂತಾನೂ ಹೇಳ್ಯಾನೆ. ನೀವು ಎಷ್ಟು ದಿನ ದುಡೀತೀರಮ್ಮಾ?"

"ಐದು."

"ಇನ್ನೊಂದು?"

"ಅದು ಶಿವಂದು" ಎಂದೆ.

ಅವರಿಗೆ ಅನ್ನ ನೆತ್ತಿಗೇರಿತು. ಗೌರಕ್ಕನೇ ಬಗ್ಗಿ ನೀರಿನ ಲೋಟ ಕೊಟ್ಟಳು.

ಕೆಲಸ ಹೋದರೆ ಜಗಳೂರಿನ ಬಸ್ಸು ಹತ್ತುವುದೇ ಗತಿ ಎಂದು ಗೊತ್ತಿತ್ತು. ಆದರೂ ಹೇಳಿದೆ: "ಇವತ್ತು ಬರಲ್ಲ. ಆರು ದಿನ ದುಡಿದ ಮೈಗೆ ಇದೊಂದು ದಿನ ದೇವರು ಕೊಟ್ಟದ್ದು. ಐದೇ ದಿನ ದುಡಿದದ್ದು ನನ್ನ ತಪ್ಪು. ನಾಳೆ ಬರ್ತೀನಿ."

"ನಾಳೆ ಸೋಮವಾರ. ನಾವು ಕತ್ತಿ ಮುಟ್ಟಲ್ಲ."

"ನೀವು ಮುಟ್ಟಬೇಡ್ರಿ. ನನಗೆ ಸೋಮವಾರ ಅಡ್ಡಿ ಇಲ್ಲ."

ಗೌರಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು.

"ಇವತ್ತು ಆದಷ್ಟು ನಾವು ಸುಲಿತೀವಿ. ಉಳಿದದ್ದು ನಾಳೆ ನಿಂದು. ಕೋಳಿ ತಿಂದ ಕೈ ಸರಿಯಾಗಿ ತೊಳಕೊಂಡು ಬಾ" ಎಂದು ಹೊರಟಳು. ಬಾಗಿಲಲ್ಲಿ ತಿರುಗಿ, "ಇನ್ಮೇಲೆ ಕಾಯಿ ಇಲ್ಲ" ಎಂದಳು.

ಅವತ್ತು ಹೋದ ಬಹುವಚನ ಇವತ್ತಿಗೂ ವಾಪಸ್ ಬಂದಿಲ್ಲ. ಜಗಳೂರಿಗೆ ಬಂದರೆ ನನ್ನ ಕಪ್ಪು ಕೈ ನೋಡಿ ನೀವು ಅಡಿಕೆ ಸೀಮೆಯವಳು ಬಂದಳು ಎನ್ನುತ್ತೀರಿ. ಇಲ್ಲಿಯವರಿಗೆ ನಾನು ಇನ್ನೂ ಜಗಳೂರು ಶಾಂತಮ್ಮ. ಅಲ್ಲಿಗೆ ಬಂದರೆ ನಾಲ್ಕನೇ ದಿನಕ್ಕೆ ಗೌರಕ್ಕನ ಬೈಗುಳ ಬೇಕೆನಿಸುತ್ತದೆ, ಇಲ್ಲಿದ್ದರೆ ಬಿಸಿ ಜೋಳದ ರೊಟ್ಟಿ. ಎರಡೂ ಒಂದೇ ಊರಲ್ಲಿ ಸಿಗುವುದಿಲ್ಲ.

ಆ ಸೋಮವಾರ ಬೆಳಿಗ್ಗೆ ನಾನು ಮಲಗಿದ್ದ ಅಳಿಯನನ್ನು ಎಬ್ಬಿಸಿದೆ, ಪ್ರಾರ್ಥನೆಗೆ ಬರುವ ನಾಲ್ಕು ಹೆಂಗಸರ ಮನೆ ಬಾಗಿಲು ಬಡಿದೆ, ಆರು ದಿನ ದುಡಿ ಎಂಬ ದೇವರ ಆಜ್ಞೆ ನೆನಪಿಸಿದೆ, ಎಲ್ಲರನ್ನೂ ಗೌರಕ್ಕನ ಕಣಕ್ಕೆ ಹೊಡೆದುಕೊಂಡು ಹೋದೆ.