ಅದು ಮೀನಲ್ಲ, ಕಾಕಾ

ಅಕ್ಕನ ಮಗಳಿಗೆ ಆರು ವರ್ಷ. ರಜೆ ಸಿಗದ ಅಕ್ಕ ಅವಳನ್ನು ಕಾಕಾ-ಕಾಕಿಯ ಜೊತೆ ಅಂಡಮಾನಿಗೆ ಕಳಿಸಿದ್ದಳು. ವಾಪಸು ಬಂದ ಭಾನುವಾರ ಮೆಹದಿಪಟ್ಟಣಂನ ಕಾಕಾನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದೆವು. ಕಾಕಾ ನಗುನಗುತ್ತ ಕತೆ ಶುರು ಮಾಡಿದರು.

"ಮೊಣಕಾಲಮಟ ನೀರಾಗ ಆಡಾಕತ್ತಿತ್ತು ಕೂಸು. ಒಮ್ಮೆಲೆ ಚೀರಿತು. ನೋಡಿದ್ರ ಕೈಗೆ ಶಾವಿಗಿ ಹಂಗ ಏನೋ ಸುತ್ತಿಕೊಂಡೈತಿ. ಜೆಲ್ಲಿಫಿಶ್ ಅಂದ್ರು. ನಿಮ್ಮ ಕಾಕಿ ಬಾಟ್ಲಿ ನೀರು ಸುರುವಿ, ಟಾವೆಲ್‌ಲೆ ತಿಕ್ಕಿ ತಿಕ್ಕಿ ತೊಳದ್ಲು. ಮುಗೀತು!"

ಮುಗಿದಿರಲಿಲ್ಲ. ಹುಡುಗಿ ವಾಂತಿ ಮಾಡಿಕೊಂಡಿದ್ದಳು, ಉಸಿರಿಗೆ ಒದ್ದಾಡಿದ್ದಳು, ಆಸ್ಪತ್ರೆ ಸೇರಿದ್ದಳು. ಅಕ್ಕ ಅಳುತ್ತಲೇ ವಿಮಾನ ಹತ್ತಿದ್ದಳು. ಕಾಕಾನ ಕತೆಯಲ್ಲಿ ಅದು ಬರಲಿಲ್ಲ.

ನಾನು ಪ್ರಾಣಿಶಾಸ್ತ್ರ ಓದಿದವಳು. ಗಚ್ಚಿಬೌಲಿಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮನೆಯಲ್ಲಿ ಯಾರೂ ಕೇಳದೆ ಮಾತಾಡುವವಳಲ್ಲ. ಆದರೂ ಅವರು ಹೊರಡುವ ಮೊದಲು ಮನೆಯ ವಾಟ್ಸಾಪ್ ಗುಂಪಿಗೆ ಬರೆದಿದ್ದೆ: ಪೆಟ್ಟಿಗೆ ಲೋಳೆಮೀನು, ಅಂದರೆ ಬಾಕ್ಸ್ ಜೆಲ್ಲಿಫಿಶ್, ತಾಗಿದರೆ ಸಿಹಿನೀರು ಹಾಕಬೇಡಿ, ತಿಕ್ಕಬೇಡಿ. "ನಾವು ಮೀನ ತಿನ್ನೂ ಮಂದಿ ಅಲ್ಲವ್ವಾ" ಎಂದು ಕಾಕಾ ಉತ್ತರಿಸಿದ್ದರು. ಕೆಳಗೆ ಎಲ್ಲರ ನಗುಮುಖಗಳು.

"ಯಾಕ ತೊಳದ್ರಿ, ಕಾಕಿ?" ಎಂದೆ.

"ತೊಳೀದ ಬಿಡಾಕ ಬರತೈತೇನು? ಮೀನ ಮುಟ್ಟಿದ ಕೈ. ಅದ ಕೈಲೆ ಊಟ ಹೆಂಗ ಮಾಡೂದು?"

ಕೂಸಿಗೆ ಉಸಿರು ಕಟ್ಟುತ್ತಿದ್ದಾಗ ಇವರು ಮೈಲಿಗೆ ತೊಳೆಯುತ್ತಿದ್ದರು.

"ಅದು ಮೀನಲ್ಲ. ಅದಕ್ಕ ಬೆನ್ನೆಲುಬೇ ಇಲ್ಲ. ಹವಳದ ಬಳಗದ್ದು."

"ಹವಳ ಅಂದ್ರ ಒಂದು ಉಂಗುರ ಮಾಡಿಸೋಣಲ್ಲ!" ಕಾಕಾ ನಕ್ಕರು. "ಮತ್ತ ಹೆಸರಿನಾಗ ಫಿಶ್ ಯಾಕ ಐತಿ, ಡಾಕ್ಟರಮ್ಮಾ?"

ನಾನು ಹೇಳತೊಡಗಿದೆ. ಲೋಳೆಮೀನು ಎನ್ನುವುದೆಲ್ಲ ಒಂದೇ ವರ್ಗವಲ್ಲ. ಕೂಸಿಗೆ ತಾಗಿದ ಪೆಟ್ಟಿಗೆ ಲೋಳೆಮೀನಿನದು ಬೇರೆ ವರ್ಗ: ಮೈ ಚೌಕ, ಎಳೆಗಳು ಇಳಿಯುವುದು ನಾಲ್ಕು ಮೂಲೆಗಳಿಂದ. ಅಲೆ ಒಯ್ದಲ್ಲಿಗೆ ತೇಲುವುದಿಲ್ಲ, ತಾನೇ ಈಜುತ್ತದೆ. ಮಸೂರವಿರುವ ಕಣ್ಣುಗಳಿವೆ, ಅದು ನಮ್ಮಿಂದ ತಪ್ಪಿಸಿಕೊಂಡು ಹೋಗಬಲ್ಲದು, ನಮಗೆ ಮಾತ್ರ ನೀರಿನಲ್ಲಿ ಅದು ಕಾಣುವುದಿಲ್ಲ. ಎಳೆಗಳ ತುಂಬ ಸೂಕ್ಷ್ಮ ಕೋಶಗಳು, ಒಂದೊಂದರಲ್ಲೂ ಸುರುಳಿ ಸುತ್ತಿದ ವಿಷದ ಮುಳ್ಳು. ಚರ್ಮಕ್ಕೆ ಅಂಟಿದ ಎಳೆಯಲ್ಲಿ ಇನ್ನೂ ಸಿಡಿಯದ ಮುಳ್ಳುಗಳು ಬೇಕಾದಷ್ಟು ಉಳಿದಿರುತ್ತವೆ. ಸಿಹಿನೀರು ಬಿದ್ದರೆ, ಟವೆಲ್ಲಿನಿಂದ ಉಜ್ಜಿದರೆ, ಅವೂ ಸಿಡಿಯುತ್ತವೆ. ಕೆಲವು ಜಾತಿಗಳ ವಿಷ ಕೆಲವೇ ನಿಮಿಷದಲ್ಲಿ ಹೃದಯ ನಿಲ್ಲಿಸಬಲ್ಲದು.

ನನ್ನ ದನಿ ಏರಿತ್ತು. ಅವ್ವ ಮೊಣಕೈಯಿಂದ ತಿವಿದಳು. "ದೊಡ್ಡವರ ಮುಂದ ಹಿಂಗ ಮಾತಾಡತಾರೇನು?"

"ಬಿಡ್ರಿ ವೈನಿ, ಕೂಸು ಉಳದೈತಲ್ಲ," ಎಂದು ಕಾಕಾ ಅವ್ವನಿಗೆ ಹೇಳಿದರು. "ಬರೋ ತಿಂಗಳ ನಮ್ಮ ಮಗಾ-ಸೊಸಿ ಹುಡುಗರನ್ನ ಕರಕೊಂಡು ಅಲ್ಲೇ ಹೊಂಟಾರ. ನೀರಿನ ಬಾಟ್ಲಿ ಜಾಸ್ತಿ ಇಟ್ಕೋರಿ ಅಂತ ಹೇಳೀನಿ."

ಕಾಕಿ ನಗಲಿಲ್ಲ. "ಹಂಗಾರ ನಾ ತೊಳದದ್ದಕ್ಕ ಕೂಸಿಗೆ ಜಾಸ್ತಿ ಆತೇನು?"

ಇಂಥ ಪ್ರಶ್ನೆಗೆ "ಛೇ, ಹಂಗೇನಿಲ್ರಿ" ಎನ್ನುವುದು ನಮ್ಮ ಮನೆಯ ರೀತಿ. ಎಲ್ಲರೂ ಅದಕ್ಕೇ ಕಾಯುತ್ತಿದ್ದರು.

"ಹೌದ್ರಿ ಕಾಕಿ. ಜಾಸ್ತಿ ಆಗಿರಬೇಕು."

ಎದುರಿಗೆ ಕೂತಿದ್ದ ಅಕ್ಕ ಎಡಗೈಯಲ್ಲಿ ಫೋನ್ ಎತ್ತಿ ಕಾಕಾನ ಮಗನಿಗೆ ಹಚ್ಚಿದಳು. ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು. "ಹೇಳು. ಎಲ್ಲಾರಿಗೂ ಕೇಳೂಹಂಗ ಹೇಳು."

"ಮಕ್ಕಳಿಗೆ ಮೈತುಂಬ ಈಜೋ ಬಟ್ಟಿ ಹಾಕು," ಎಂದೆ. "ಉಳ್ಳಾಗಡ್ಡಿಗೆ ಹಾಕ್ತೀವಲ್ಲ, ಬಿಳಿ ಸಿರ್ಕಾ, ವಿನೆಗರ್, ಅದನ್ನ ಒಯ್ಯಿ. ಎಳಿ ಅಂಟಿದ್ರ ಮೊದಲ ಸಿರ್ಕಾ ಸುರುವು, ಆಮ್ಯಾಲೆ ಕಡ್ಡೀಲೆ ತಗಿ, ಸೀದಾ ಆಸ್ಪತ್ರಿಗೆ ಓಡು. ಕುಡಿಯೋ ನೀರು ಮುಟ್ಟಿಸಬ್ಯಾಡ."

"ಅಪ್ಪಾ ಬರೇ ನೀರು ಸಾಕು ಅಂದಿದ್ರಲ್ಲ?" ಫೋನಿನಿಂದ ಅವನ ದನಿ ಬಂತು.

ಕಾಕಾ ತಲೆ ತಗ್ಗಿಸಿ ಮಜ್ಜಿಗೆ ಅನ್ನ ಕಲಸುತ್ತಿದ್ದರು.

"ನಿಮ್ಮಪ್ಪಾ ತಪ್ಪು ಹೇಳ್ಯಾರ," ಎಂದೆ.