ತಂಗಿಯ ಓಟ, ನನ್ನ ಚಹಾ

ಯಾರಾದರೂ ಚಹಾಕ್ಕೆ ಕರೆದರೆ ಬೇಡ ಎನ್ನಲು ನನಗೆ ಬರುವುದಿಲ್ಲ. ನಾಲ್ಕನೇ ಇಯತ್ತೆಯವರೆಗೆ ಶಾಲೆಗೆ ಹೋದೆ, ಅಲ್ಲಿಯೂ ಅದನ್ನು ಯಾರೂ ಕಲಿಸಲಿಲ್ಲ.

ಬರದ ವರ್ಷ ಅದು. ನಮ್ಮ ಖಟಕ ಚಿಂಚೋಳಿಯಿಂದ ಎಷ್ಟೋ ಮನೆಯವರು ಮಕ್ಕಳನ್ನು ಅಜ್ಜಿಯರ ಹತ್ತಿರ ಬಿಟ್ಟು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಆ ಮಕ್ಕಳ ಊಟಕ್ಕೆಂದು ನನ್ನ ತಂಗಿ ಶಾಲೆಯ ಹಿಂದೆ ಒಲೆ ಹೂಡಿದಳು. ಒಲೆಯೇನೋ ಉರಿಯಿತು, ಜೋಳ ಎಲ್ಲಿಂದ ಬರಬೇಕು? ಬೀದರಿನ ಹುಡುಗರು ಔರಾದದಿಂದ ಬೀದರ ಕೋಟೆಯವರೆಗೆ, ಸುಮಾರು ನಲವತ್ತು ಕಿಲೋಮೀಟರ್, ಓಟದ ಸ್ಪರ್ಧೆ ಇಟ್ಟಿದ್ದರು. ತಾನು ಓಡಿ ಕೋಟೆಯ ಬಾಗಿಲು ಮುಟ್ಟಿದರೆ, ಇನ್ನೂ ಕಾಳು ಇಟ್ಟುಕೊಂಡಿದ್ದವರು ಮನೆಗೊಂದು ಸೇರು ಜೋಳ ಕೊಡಬೇಕೆಂದು ತಂಗಿ ಊರಿನ ಮುಂದೆ ಕೇಳಿದಳು. ಜನ ನಕ್ಕು ಒಪ್ಪಿದರು.

ದಿನಾ ಬೆಳಿಗ್ಗೆ ಅವಳು ಭಾಲ್ಕಿ ರಸ್ತೆಯಲ್ಲಿ ಓಡುವಳು. ನಾನು ನೀರಿನ ಬಾಟಲಿ ಕಟ್ಟಿಕೊಂಡು ಸೈಕಲ್ ಮೇಲೆ ಹಿಂದೆ. ಆದರೆ ನಮ್ಮ ಕಡೆ ಗುರುತಿನ ಮನೆಯ ಮುಂದೆ ನಿಲ್ಲದೆ ಹೋಗುವುದು ಬೈದಷ್ಟೇ ದೊಡ್ಡ ಅವಮಾನ.

“ಯಾಕ್ರೀ ಅಕ್ಕಾರ, ನಮ್ಮನಿ ಚಹಾ ಕಹಿ ಆದೇನ್ರಿ?” ಎಂದು ಒಬ್ಬ ಮುದುಕಿ ಕಟ್ಟೆಯಿಂದಲೇ ಕೂಗಿದಳು.

ತಂಗಿ ಓಡುತ್ತಲೇ ನನ್ನ ಕಡೆ ಕೈ ಮಾಡಿದಳು. “ನಮ್ಮ ಅಣ್ಣ ಕುಡಿತಾನ್ರಿ ಆಯಿ! ನನ್ನ ಪಾಲಿಂದೂ ಅವಗೇ ಕೊಡ್ರಿ!”

ಅಂದಿನಿಂದ ಅದೇ ನನ್ನ ಉದ್ಯೋಗವಾಯಿತು. ಅವಳು ಓಡುವುದು, ನಾನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುವುದು. ಕುಡಿದ ಮನೆಯಲ್ಲೆಲ್ಲ ಜೋಳದ ಮಾತೂ ಪಕ್ಕಾ ಆಗುತ್ತಿತ್ತು. ತರಬೇತಿ ಮುಗಿಯುವಷ್ಟರಲ್ಲಿ ಅವಳು ಸೊರಗಿದಳು, ನನ್ನ ಅಂಗಿಯ ಗುಂಡಿ ಹಾಕಲು ಬರಲಿಲ್ಲ.

ಸ್ಪರ್ಧೆಯ ದಿನ ಸಂತಪುರದಲ್ಲಿ ಹೆಂಡತಿಯ ಕಡೆಯ ಒಬ್ಬರು ಸೈಕಲ್ಲಿನ ಹ್ಯಾಂಡಲ್ ಹಿಡಿದೇಬಿಟ್ಟರು. “ಅಳಿಯಂದಿರು ಹಂಗೇ ಹೋದ್ರ ಮಂದಿ ಏನಂದಾರು?” ಚಹಾ ಬಂತು, ಬಿಸಿ ಭಜಿ ಬಂತು, ಇನ್ನೊಂದು ಚಹಾ ಬಂತು. ನೀರಿನ ಬಾಟಲಿಗಳು ಹೊರಗೆ ಸೈಕಲ್ಲಿಗೆ ನೇತಾಡುತ್ತಿದ್ದವು.

ನಾನು ತಲುಪಿದಾಗ ತಂಗಿ ಕೌಠಾದ ಹತ್ತಿರ ಜಾಲಿಯ ನೆರಳಿನಲ್ಲಿ ಕಾಲು ಹಿಡಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ಮಾಂಜ್ರಾ ನದಿ ಬರೀ ಉಸುಕು. ಅವಳ ತುಟಿ ಒಡೆದಿತ್ತು. ನನ್ನ ಮೀಸೆಯ ಮೇಲಿನ ಭಜಿಯ ಚೂರು ನೋಡಿದಳು, ನೀರು ಕುಡಿದಳು.

“ಉಳ್ಳಾಗಡ್ಡಿ ಭಜಿನಾ, ಮೆಣಸಿನಕಾಯಿದಾ?”

“ಮೆಣಸಿನಕಾಯಿದು.”

“ಛಲೋ ಇದ್ವಾ?”

ನಾನು ಮೀಸೆ ಒರೆಸಿಕೊಂಡೆ. ಸೈಕಲ್ ಮೇಲೆ ಕೂರು ಎಂದೆ. “ಕೂತು ಬಾಗಿಲು ಮುಟ್ಟಿದ್ರ ಜ್ವಾಳ ಕೇಳಾಕ ಯಾವ ಬಾಯಿ ಅಣ್ಣಾ?” ಎಂದು ಎದ್ದಳು. ಕುಂಟುತ್ತ, ನಿಲ್ಲುತ್ತ ನಡೆದಳು. ಬೀದರ ಮುಟ್ಟಿದಾಗ ಸ್ಪರ್ಧೆಯವರು ಪೆಂಡಾಲು ಬಿಚ್ಚಿಕೊಂಡು ಹೋಗಿಯಾಗಿತ್ತು. ಕೋಟೆಯ ಬಾಗಿಲಿಗೆ ಅಂಗೈ ಒತ್ತಿ, ಅಲ್ಲೇ ಕೂತುಬಿಟ್ಟಳು.

ಜೋಳವೇನೋ ಬಂತು. ಆದರೆ ಇಷ್ಟು ತಡ ಯಾಕಾಯಿತೆಂದು ಊರವರು ಕೇಳಿದಾಗ ನಾನು, “ಆಕಿ ಕಾಲಾಗ ದಮ್ಮಿಲ್ರಿ, ನರ ಹಿಡಕೊಂಡ್ತು” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳನ್ನು ಕುಂಟು ಕುದುರೆ ಎಂದು ಕರೆಯುವುದು ವರ್ಷಗಟ್ಟಲೆ ನಡೆಯಿತು. ಅವಳೂ ನಗುತ್ತಿದ್ದಳು, ಒಮ್ಮೆಯೂ ಭಜಿಯ ಮಾತು ಎತ್ತಲಿಲ್ಲ. ಕುಡಿದ ಚಹಾ ಜೀರ್ಣವಾಯಿತು, ಆಡಿದ ಆ ಮಾತು ಇನ್ನೂ ಆಗಿಲ್ಲ.

ಈಗಲೂ ಅವಳ ಮನೆಗೆ ಹೋದರೆ, ಚಹಾಕ್ಕೆ ಇಡುವ ಮೊದಲು ತುಂಬಿದ ತಂಬಿಗೆ ತಂದು ನನ್ನ ಮುಂದೆ ಇಡುತ್ತಾಳೆ.

“ಮೊದಲ ನೀರ ಕುಡಿ ಅಣ್ಣಾ.”

ಬಾಯಾರಿಕೆ ಇರಲಿ ಬಿಡಲಿ, ತಂಬಿಗೆ ಪೂರ್ತಿ ಬರಿದಾಗುವವರೆಗೆ ಕುಡಿಯುತ್ತೇನೆ. ಅವಳು ನೋಡುತ್ತ ನಿಂತಿರುತ್ತಾಳೆ.