ಬುರುಲ್ ಬರೆದ ಗ್ರಾಫ್ ಕೈಪಿಡಿ

ಬಿಷ್ಕೆಕ್‌ನ ಓಶ್ ಬಜಾರಿನ ಹಿಂದಿನ ಕಟ್ಟಡದಲ್ಲಿ ಕೆಲಸ ಸಿಕ್ಕಾಗ ಬುರುಲ್‌ಗೆ ಐವತ್ತು ಸಮೀಪಿಸಿತ್ತು. ಅದಕ್ಕೂ ಮುಂಚೆ ಔಷಧದ ಕಾರ್ಖಾನೆಯೊಂದರಲ್ಲಿ ಡಬ್ಬಿಯೊಳಗೆ ಮಡಚಿಡುವ ಸೂಚನೆಗಳನ್ನು ಬರೆಯುತ್ತಿದ್ದಳು: ಊಟಕ್ಕೆ ಮೊದಲೋ ಆಮೇಲೋ, ಬಸುರಿಯರು ನುಂಗಬಹುದೋ ಬಾರದೋ. ಕಾರ್ಖಾನೆ ಮುಚ್ಚಿತು. ಹೊಸ ಕಚೇರಿಯವರು ಕಟ್ಟಿದ್ದು ಗ್ರಾಫ್ ಬಿಡಿಸುವ ತಂತ್ರಾಂಶ. ಅದನ್ನು ಬಳಸುವವರು ಮನುಷ್ಯರಲ್ಲ, ಎಐ ಏಜೆಂಟ್‌ಗಳು. ಏಜೆಂಟು ಕೈಪಿಡಿ ಓದಿಕೊಂಡು, ಅಂಕಿಗಳನ್ನು ತಂತ್ರಾಂಶಕ್ಕೆ ಒಪ್ಪಿಸಿ, ಕೇಳಿದವರಿಗೆ ಗ್ರಾಫ್ ತೆಗೆಸಿಕೊಡಬೇಕು. ಆ ಕೈಪಿಡಿಯ ಹೊಣೆ ಬುರುಲ್‌ಳ ಹೆಗಲಿಗೆ ಬಿತ್ತು.

ಕಚೇರಿಯವರೆಲ್ಲ ಅವಳಿಗಿಂತ ಚಿಕ್ಕವರು. ಅವಳು ಎಲ್ಲರಿಗೂ ಎಜೆ, ಅಂದರೆ ಅಕ್ಕ. ಯಜಮಾನ ಮಿರ್ಲಾನ್‌ಗೆ ಅವಳನ್ನು ಕೆಣಕದಿದ್ದರೆ ಚಹಾ ಇಳಿಯುತ್ತಿರಲಿಲ್ಲ.

“ಎಜೆ, ನೀವು ಬರ್ದಿದ್ದನ್ನ ಓದೋಕೆ ಒಂದು ನರಪಿಳ್ಳೆನೂ ಇಲ್ವಲ್ಲ, ಬೇಜಾರಾಗಲ್ವಾ?”

“ಬೇಜಾರ್ಯಾಕೆ? ಮೊದಲ್ನೇ ಸಾಲಿಂದ ಕೊನೇ ಸಾಲಿನವರೆಗೂ ಓದೋ ಗಿರಾಕಿ ನಂಗೆ ಈ ಜನ್ಮದಲ್ಲಿ ಸಿಕ್ಕಿದ್ದೇ ಈಗ. ನೀನು ಒಂದು ಪುಟನಾದ್ರೂ ಓದಿದ್ದೀಯಾ?”

ಮಿರ್ಲಾನ್ ಬಿಸ್ಕತ್ತಿಗೆ ಕೈ ಹಾಕಿದ.

ಅವಳು ಸೇರಿ ಇನ್ನೂ ಕುರ್ಚಿ ಬೆಚ್ಚಗಾಗಿರಲಿಲ್ಲ, ನದಿ ಅಳೆಯುವ ತಂಡದ ಹಿರಿಯ ಕೆನೆಶ್ ಕೆಂಡವಾಗಿ ಬಂದ. ಅವನ ಏಜೆಂಟು ತೆಗೆಸಿದ್ದ ಗ್ರಾಫಿನಲ್ಲಿ ನರಿನ್ ನದಿ ಪ್ರತಿ ಜನವರಿಯಲ್ಲೂ ನೆಲ ಕಚ್ಚಿತ್ತು.

“ನದಿ ಬತ್ತೋಯ್ತಂತೆ. ಜನವರೀಲಿ ನಾನು ಅದನ್ನ ದಾಟಿದೀನಪ್ಪಾ, ಕುದುರೆ ಹೊಟ್ಟೆ ನೆನೀತು. ನೀರಳೆಯೋ ಮೀಟ್ರು ಹಿಮ ಕಟ್ಟಿ ನಿಂತಿತ್ತು ಅಷ್ಟೆ. ಮೇಲಿನ ಸಾಹೇಬ್ರು ಈ ಚಿತ್ರ ನಂಬಿದ್ರೆ ನದಿ ಕೆಳಗಿನ ಊರುಗಳ ಪಾಲಿನ ನೀರು ಕತ್ತರಿಸಿಬಿಡ್ತಾರೆ.”

ತಪ್ಪು ಎಲ್ಲಿದೆ ಎಂದು ಬುರುಲ್ ಹುಡುಕಿದಳು. ಅವಳು ಬರುವ ಮುಂಚೆ ಮಿರ್ಲಾನ್ ಅವಸರದಲ್ಲಿ ಗೀಚಿದ್ದ ಪುಟದಲ್ಲಿ ಹೀಗಿತ್ತು: ‘ಪ್ರತಿ ದಿನಕ್ಕೂ ಒಂದು ಸಂಖ್ಯೆ ಕೊಡಬೇಕು.’ ಸಂಖ್ಯೆ ಇಲ್ಲದ ದಿನಗಳಿಗೆ ಏಜೆಂಟು ಹೇಳಿದ ಮಾತು ಮೀರದೆ ಸೊನ್ನೆ ತುಂಬಿತ್ತು.

“ಸೊನ್ನೆ ಬಂದ್ರೆ ತಂತ್ರಾಂಶವೇ ಒದ್ದು ಆಚೆ ಹಾಕೋ ಹಾಗೆ ಮಾಡ್ತೀನಿ,” ಎಂದ ಮಿರ್ಲಾನ್.

“ಮಾಡ್ಬೇಡ. ಕಾಲುವೆ ಬಾಗಿಲು ಹಾಕಿದ್ ದಿನ ನೀರು ನಿಜವಾಗ್ಲೂ ಸೊನ್ನೆನೇ. ಇಲ್ಲದ್ದು ಬೇರೆ, ಗೊತ್ತಿಲ್ಲದ್ದು ಬೇರೆ. ಅದನ್ನ ಮಾತಲ್ಲೇ ಹೇಳ್ಬೇಕು. ಕೈಪಿಡಿ ಪೂರ್ತಿ ನನಗೆ ಬಿಡು.”

ಅವಳು ಇಡೀ ಕೈಪಿಡಿಯನ್ನು ಹೊಸದಾಗಿ ಬರೆಯತೊಡಗಿದಳು. ಬರೆದ ಪುಟವನ್ನಷ್ಟೇ ಏಜೆಂಟಿಗೆ ಕೊಟ್ಟು, ಬಾಯಿ ಬಿಡದೆ ಕೂತು, ಎಲ್ಲಿ ಎಡವುತ್ತದೆ ಎಂದು ನೋಡುತ್ತಿದ್ದಳು. ಅದು ಎಡವಿದಾಗ ಅದನ್ನು ಬಯ್ಯುತ್ತಿರಲಿಲ್ಲ, ತನ್ನ ವಾಕ್ಯವನ್ನು ತಿದ್ದುತ್ತಿದ್ದಳು. ‘ಸಂಖ್ಯೆ ಇಲ್ಲದಿದ್ದರೆ ಬಿಟ್ಟುಬಿಡಿ’ ಎಂದು ಬರೆದಳು. ಏಜೆಂಟು ಆ ದಿನಗಳನ್ನೇ ತೆಗೆದುಹಾಕಿತು. ಡಿಸೆಂಬರಿನಿಂದ ಫೆಬ್ರವರಿಗೆ ನೇರ ಗೆರೆ, ಏನೂ ಆಗಿಲ್ಲವೆಂಬಂತೆ. ಬತ್ತಿದ ನದಿಯ ಚಿತ್ರವನ್ನಾದರೂ ಜನ ಅನುಮಾನಿಸುತ್ತಾರೆ, ಈ ಚಂದದ ಸುಳ್ಳನ್ನು ಯಾರು ಅನುಮಾನಿಸುತ್ತಾರೆ? ಕೊನೆಗೆ ಬರೆದದ್ದು ಇದು: ‘ಸೊನ್ನೆಯೂ ಒಂದು ಅಳತೆ. ಅಳೆಯದ ದಿನಕ್ಕೆ ಸೊನ್ನೆ ಹಾಕಬೇಡಿ, ಆ ದಿನವನ್ನು ಅಳಿಸಲೂ ಬೇಡಿ. ದಿನ ಇರಲಿ, ಸಂಖ್ಯೆಯ ಜಾಗ ಖಾಲಿ ಇರಲಿ. ಗೆರೆ ಅಲ್ಲಿ ತುಂಡಾಗಬೇಕು. ಏಕೆ ತುಂಡಾಯಿತೆಂದು ಕೆಳಗೆ ಬರೆಯಿರಿ.’ ಪಕ್ಕದಲ್ಲೇ ಒಂದು ತಪ್ಪು ಉದಾಹರಣೆ, ಒಂದು ಸರಿ ಉದಾಹರಣೆ ಇಟ್ಟಳು.

ಕಣಿವೆಗಳ ನೀರು ನೋಡಿಕೊಳ್ಳುವವರೆಲ್ಲ ಸೇರಿದ ಸಭೆಯಲ್ಲಿ ಹೊಸ ಕೈಪಿಡಿಯ ಪರೀಕ್ಷೆ ನಡೆಯಿತು. ಮಿರ್ಲಾನ್ ಸಿದ್ಧಪಡಿಸಿ ತಂದಿದ್ದ ಅಂಕಿಗಳನ್ನು ಕೆನೆಶ್ ಪಕ್ಕಕ್ಕೆ ಸರಿಸಿ, ತನ್ನದೇ ಒಂದು ಕಾಲುವೆಯ ಅಂಕಿಗಳನ್ನು ಕೊಟ್ಟ. ಅದರಲ್ಲಿ ಬಾಗಿಲು ಹಾಕಿದ ಶರತ್ಕಾಲವೂ ಇತ್ತು, ಮೀಟರು ಹೆಪ್ಪುಗಟ್ಟಿದ ಚಳಿಗಾಲವೂ ಇತ್ತು. ಬುರುಲ್ ಗೋಡೆಗೊರಗಿ ನಿಂತಿದ್ದಳು.

ಏಜೆಂಟು ಕೈಪಿಡಿ ಓದಿತು. ಪರದೆಯ ಮೇಲೆ ಗೆರೆ ಮೂಡಿತು. ಶರತ್ಕಾಲದಲ್ಲಿ ಇಳಿದು ಸೊನ್ನೆಯನ್ನು ಮುಟ್ಟಿ ಹಾಗೇ ಮಲಗಿತು. ಚಳಿಗಾಲದಲ್ಲಿ ಪಟ್ಟನೆ ತುಂಡಾಯಿತು. ಕೆಳಗೆ ‘ಈ ಅವಧಿಯಲ್ಲಿ ಅಳತೆ ಇಲ್ಲ’ ಎಂಬ ಸಾಲು ಬಂತು. ವಸಂತದಲ್ಲಿ ಗೆರೆ ಮತ್ತೆ ಎದ್ದು ನಡೆಯಿತು.

ಕೆನೆಶ್ ಕೂತಲ್ಲಿಂದಲೇ ಮುಂದೆ ಬಾಗಿ ತುಂಡಾದ ಗೆರೆಯತ್ತ ಬೆರಳು ತೋರಿಸಿದ. “ಹ್ಞಾಂ, ಇದು ನಮ್ಮ ಕಾಲುವೆ,” ಎಂದ. “ಗೊತ್ತಿಲ್ಲ ಅನ್ನೋದನ್ನ ಈ ಯಂತ್ರಕ್ಕೆ ಕಲಿಸಿದ್ಯಾರು? ನಮ್ಮ ಸಾಹೇಬ್ರಿಗೇ ಇನ್ನೂ ಬಂದಿಲ್ಲ.”

ಸಭೆ ಗೊಳ್ಳೆಂದು ನಕ್ಕಿತು. ಮಿರ್ಲಾನ್ ಗೋಡೆಯ ಕಡೆ ಕೈ ತೋರಿಸಿದ. ಕೆನೆಶ್ ಎದ್ದು ಅವಳ ಮುಂದೆ ನಿಂತು, ಎರಡೂ ಅಂಗೈ ಅಗಲಿಸಿ ಹರಸಿದ: “ನಿನ್ನ ಮಾತು ಹರಿಯೋ ನೀರಿನ ಹಾಗೆ ದೂರ ಮುಟ್ಲಿ, ಮಗಳೇ.” ಆ ಹರಕೆ ಕೂಡಿಬರಲೆಂದು ನೆರೆದವರೆಲ್ಲ ಅಂಗೈಗಳನ್ನು ಮುಖಕ್ಕೆ ಸವರಿಕೊಂಡರು. ಬುರುಲ್ ಸವರಿಕೊಂಡಾಗ ಅಂಗೈ ಒದ್ದೆಯಾಯಿತು.

ಆ ವರ್ಷ ಕೆಳಗಿನ ಊರುಗಳ ನೀರು ಕಡಿಮೆಯಾಗಲಿಲ್ಲ. ಅವಳ ಕೈಪಿಡಿ ಅಲ್ಮಾಟಿ, ತಾಷ್ಕೆಂಟ್‌ಗಳಿಗೂ ಹೋಯಿತು. ಅಲ್ಲಿನ ತಂತ್ರಾಂಶ ಕಟ್ಟುವವರು ‘ನಮಗೂ ಹೀಗೆ ಬರೆದುಕೊಡಿ’ ಎಂದು ಕೇಳಿಕೊಂಡು ಬಂದರು. ಕಚೇರಿಯಲ್ಲಿ ಕುರಿ ಕೊಯ್ದು ಔತಣ ಮಾಡಿದಾಗ ಮಿರ್ಲಾನ್ ಅವಳನ್ನು ಬಾಗಿಲಿಗೆದುರಾದ ಹಿರಿಯರ ಜಾಗದಲ್ಲಿ ಕೂರಿಸಿ, ಗೌರವದ ಅತಿಥಿಗೆ ಮೀಸಲಾದ ಕುರಿಯ ತಲೆಯ ತಟ್ಟೆಯನ್ನು ಅವಳ ಮುಂದಿಟ್ಟ.

“ಎಜೆ, ಮುಂದಿನ ತಂತ್ರಾಂಶ ಭೂಪಟ ಬಿಡಿಸೋದು. ನಾವು ಕಟ್ಟಿ ಮುಗಿಸಿದ ಮೇಲೆ ನೀವು ಬರೀರಿ.”

ಬುರುಲ್ ಚಾಕು ಎತ್ತಿಕೊಂಡಳು. “ಈ ಸಲ ನಾನು ಮೊದಲು ಬರೀತೀನಿ,” ಎಂದಳು, ಕಿರಿಯರಿಗೆ ಸಲ್ಲುವ ಕಿವಿಯನ್ನು ಕೊಯ್ದು ಅವನ ತಟ್ಟೆಗೆ ಹಾಕುತ್ತ. “ನೀವು ಅದನ್ನ ಓದ್ಕೊಂಡು ಕಟ್ಟಿ.”